ಮೂರು, ನಾಲ್ಕು, ಐದು: ತೋಟದ ಮೂಲೆಯ ಲೆಕ್ಕ



ಹುಬ್ಬಳ್ಳಿಯಲ್ಲಿ ಸದಸ್ಯರ ಸಭೆ ಮುಗಿದ ಮೇಲೆ ಬೆಳೆಗಾರರೊಬ್ಬರು ನನ್ನನ್ನು ಬದಿಗೆ ಕರೆದು ಒಂದು ಲೆಕ್ಕ ಕೇಳಿದರು. ಅವರಲ್ಲಿ ಎರಡು ಚೌಕ ತುಂಡು ಭೂಮಿ ಇವೆ. 33 ಅಡಿಯ ಸರಪಳಿಯಿಂದ ಅಳೆದರೆ ಒಂದರ ಬದಿ 3 ಸರಪಳಿ, ಇನ್ನೊಂದರದು 4. ಎರಡನ್ನೂ ದಾಯಾದಿಗಳಿಗೆ ಬಿಟ್ಟುಕೊಟ್ಟು, ಅಷ್ಟೇ ಕ್ಷೇತ್ರದ ಒಂದೇ ಚೌಕವನ್ನು ಪಡೆಯುವ ಮಾತುಕತೆ ನಡೆದಿತ್ತು. ಅದರ ಬದಿ ಎಷ್ಟಿರಬೇಕು? ಐದು ಸರಪಳಿ ಎಂದೆ. “ಮೂರು, ನಾಲ್ಕು ಕೂಡಿದ್ರ ಏಳಾಗಬೇಕಲ್ರೀ, ಸೆಕ್ರೆಟರಿ ಸಾಹೇಬ್ರ?” ಎಂದು ಸಂಶಯದಿಂದ ನೋಡಿದರು.

ಸಂಶಯ ಸಹಜವೇ. ಆದರೆ ಬದಿ ಬೇರೆ, ಕ್ಷೇತ್ರ ಬೇರೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಮೂರು ಸರಪಳಿಯ ಚೌಕದಲ್ಲಿ 9 ಗುಂಟೆ, ನಾಲ್ಕರದರಲ್ಲಿ 16 ಗುಂಟೆ, ಒಟ್ಟು 25. ಇಪ್ಪತ್ತೈದು ಗುಂಟೆಯ ಚೌಕಕ್ಕೆ ಬದಿ ಐದೇ ಸರಪಳಿ. ಏಳು ಸರಪಳಿ ಹಿಡಿದರೆ 49 ಗುಂಟೆ, ಹೆಚ್ಚುಕಡಿಮೆ ಇಮ್ಮಡಿ! ಅಂಥ ಲೆಕ್ಕದಿಂದ ಮನೆಮನೆಗಳ ನಡುವೆ ಜಗಳವೇ ಹುಟ್ಟೀತು.

ಶಾಲೆಯಲ್ಲಿ ಓದಿದ ಪೈಥಾಗೊರಸನ ಪ್ರಮೇಯ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 3 ಮತ್ತು 4ರ ಬದಿಗಳನ್ನು ಮೂಲೆಮಟ್ಟಕ್ಕೆ ಸರಿಯಾಗಿ ಜೋಡಿಸಿದರೆ, ಅವುಗಳ ತುದಿಗಳನ್ನು ಕೂಡಿಸುವ ಕರ್ಣ ತಾನಾಗಿಯೇ 5 ಆಗುತ್ತದೆ. ಏಕೆ? ಒಂದು ರಟ್ಟು, ಕತ್ತರಿ ಸಾಕು.

7 ಅಂಗುಲ ಬದಿಯ ಚೌಕವನ್ನು ಬರೆಯಿರಿ. ಒಂದೇ ದಿಕ್ಕಿನಲ್ಲಿ ಸುತ್ತುತ್ತ, ಪ್ರತಿ ಮೂಲೆಯಿಂದ 3 ಅಂಗುಲಕ್ಕೆ ಗುರುತು ಹಾಕಿ, ಗುರುತುಗಳನ್ನು ಅನುಕ್ರಮವಾಗಿ ಕೂಡಿಸಿ. ನಾಲ್ಕು ಮೂಲೆಗಳಲ್ಲಿ ನಾಲ್ಕು ತ್ರಿಕೋನ, ನಡುವೆ ಓರೆಯಾದ ಒಂದು ಚೌಕ ಕಾಣುತ್ತದೆ. ತ್ರಿಕೋನ ಒಂದರ ಕ್ಷೇತ್ರ 6, ನಾಲ್ಕರದು 24. ದೊಡ್ಡ ಚೌಕದ 49ರಲ್ಲಿ 24 ಕಳೆದರೆ ನಡುವಿನ ಚೌಕಕ್ಕೆ ಉಳಿಯುವುದು 25.

ಈಗ ತ್ರಿಕೋನಗಳನ್ನು ಕತ್ತರಿಸಿ, ಎರಡೆರಡು ಜೋಡಿಸಿ, 3ಕ್ಕೆ 4ರ ಎರಡು ಆಯತ ಮಾಡಿರಿ. 7 ಅಂಗುಲದ ಇನ್ನೊಂದು ಚೌಕ ಬರೆದು, ಅದರ ಎದುರುಬದುರು ಮೂಲೆಗಳಲ್ಲಿ ಒಂದನ್ನು ಅಡ್ಡ, ಒಂದನ್ನು ಉದ್ದ ಇರಿಸಿರಿ. ಖಾಲಿ ಉಳಿಯುವುದು 3ರ ಒಂದು ಚೌಕ, 4ರ ಒಂದು ಚೌಕ. ದೊಡ್ಡ ಚೌಕ ಅಷ್ಟೇ, ತ್ರಿಕೋನಗಳೂ ಅವೇ; ಆದ್ದರಿಂದ ಉಳಿದ ಜಾಗವೂ ಅಷ್ಟೇ ಇರಲೇಬೇಕು. ಬೇರೆ ಯಾವ ಅಳತೆ ಹಿಡಿದರೂ ಈ ಮಾತು ತಪ್ಪದು.

ಈ ವಿಷಯ ನಮಗೆ ಹೊರಗಿನದಲ್ಲ. ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುವ ಬೌಧಾಯನನ ಶುಲ್ಬಸೂತ್ರ ಇದನ್ನು ಕ್ಷೇತ್ರಗಳ ಮಾತಿನಲ್ಲಿಯೇ ಹೇಳಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ವಿವರಿಸಿದ್ದಾರೆ. 12ನೆಯ ಶತಮಾನದ ರಾಜಾದಿತ್ಯನಂತೂ ಗಣಿತವನ್ನು ಕನ್ನಡದಲ್ಲಿಯೇ ಬರೆದ. ಅವನ ಒಂದು ಗ್ರಂಥದ ಹೆಸರೇ ‘ಕ್ಷೇತ್ರಗಣಿತ’.

ಇನ್ನು ತೋಟದ ಮಾತು. ಹಿಂದೆ ಅಡಿಕೆ ಸಸಿ ಹಚ್ಚುವಾಗ ನಾನು ಕಣ್ಣಳತೆಯನ್ನೇ ನಂಬಿ ಮೂಲೆ ಹಿಡಿದೆ. ನೂರು ಅಡಿ ಹೋಗುವಷ್ಟರಲ್ಲಿ ಸಾಲು ಏಳು ಅಡಿ ಸರಿದು ಬಸಿಗಾಲುವೆಗೆ ಹತ್ತಿತ್ತು. ಆಮೇಲೆ ಅಳೆದು ನೋಡಿದರೆ, 15 ಅಡಿ ಇರಬೇಕಾದ ಕರ್ಣ ಹದಿನೈದೂವರೆ ಅಡಿ ಇತ್ತು. ಅರ್ಧ ಅಡಿಯ ತಪ್ಪು, ಸಾಲಿನ ತುದಿಯಲ್ಲಿ ಏಳು ಅಡಿ! ಪದವಿ ಪಡೆದವನ ಗಣಿತ ಪುಸ್ತಕದಲ್ಲಿಯೇ ಉಳಿದಿತ್ತು.

ಆದ್ದರಿಂದ ಮೂಲೆಗೊಂದು ಗೂಟ ಹೊಡೆದು, ಒಂದು ಬದಿಗೆ 9 ಅಡಿ, ಇನ್ನೊಂದು ಬದಿಗೆ 12 ಅಡಿ ಗುರುತಿಸಿರಿ. ಎರಡು ಗುರುತುಗಳ ನಡುವೆ ಸರಿಯಾಗಿ 15 ಅಡಿ ಬರುವವರೆಗೆ ಒಂದು ಗೂಟವನ್ನು ಸರಿಸಿರಿ. ಹಗ್ಗ ಹಿಗ್ಗುತ್ತದೆ, ಟೇಪು ಉತ್ತಮ. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಮಲಗಿಸದೆ ಮಟ್ಟವಾಗಿ ಹಿಡಿಯಿರಿ. ಕಾಫಿ ಒಣಗಿಸುವ ಕಣ ಕಟ್ಟಿಸುವಾಗಲೂ ಗೌಂಡಿಯ ಎದುರು ಹೀಗೆಯೇ ಅಳೆದು ನೋಡಿರಿ.

ತಪ್ಪಿದ ಗೂಟವನ್ನು ಕಿತ್ತು ಮತ್ತೆ ಹೊಡೆಯಬಹುದು; ಬೇರು ಬಿಟ್ಟ ಅಡಿಕೆ ಮರವನ್ನು ಸರಿಸಲಾಗದು.