ಸಂತಾನ ಚಿಕಿತ್ಸೆಯೂ ಮನೆಯ ಲೆಕ್ಕವೂ

ಕಳೆದ ವರ್ಷ ಶ್ರಾವಣದಲ್ಲಿ ಬ್ಯಾಡಗಿ ಸೀಮೆಯ ರೈತ ದಂಪತಿಗಳು ನಮ್ಮನ್ನು ಕಾಣಲು ಬಂದಿದ್ದರು. ಮದುವೆಯಾಗಿ 9 ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಪ್ರನಾಳ ಶಿಶು ಚಿಕಿತ್ಸೆ ಮಾಡಿಸುವ ನಿರ್ಧಾರಕ್ಕೆ ಬಂದಿದ್ದರು. "ಅಜ್ಜಾರ, ಇರೂ 4 ಎಕರೆದಾಗ ಒಂದು ಎಕರೆ ಮಾರಬೇಕಂತ ಮಾಡೇವಿ. ನೀವು ಹೂಂ ಅಂದ್ರ ಆತು" ಎಂದರು ಆತ. ನಾವು ಹೊಲದ ಮಾತನ್ನು ಬದಿಗಿಟ್ಟು, "ತಮ್ಮಾ, ನಿನ್ನ ಪರೀಕ್ಷೆ ಆಗೈತೇನು?" ಎಂದು ಕೇಳಿದೆವು. ಆತ ತಲೆ ತಗ್ಗಿಸಿದ.

ಆ 9 ವರ್ಷಗಳಲ್ಲಿ ಹೆಂಡತಿಗೆ ಆಗದ ಪರೀಕ್ಷೆಯಿಲ್ಲ, ಕುಡಿಯದ ಕಷಾಯವಿಲ್ಲ. ಗಂಡನಿಗೆ ಒಂದೂ ಪರೀಕ್ಷೆಯಾಗಿರಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲಿಯೂ ಕಾರಣವಿರುತ್ತದೆಂದು ವೈದ್ಯರು ಹೇಳುತ್ತಾರೆ. ವೀರ್ಯಪರೀಕ್ಷೆಗೆ ತಗಲುವುದು ಸಾವಿರ ರೂಪಾಯಿಯ ಆಸುಪಾಸು. ಅದನ್ನು ಬಿಟ್ಟು ಲಕ್ಷಗಳ ಲೆಕ್ಕಕ್ಕೆ ಇಳಿಯುವುದು ಬುಡ ನೋಡದೆ ತುದಿಗೆ ನೀರೆರೆದಂತೆ.

ಮಗನಿಲ್ಲದವನಿಗೆ ಗತಿಯಿಲ್ಲವೆಂಬುದು ಶರಣರು ಒಪ್ಪಿದ ಮಾತಲ್ಲ. ಆದರೂ ಅದು ನಮ್ಮ ಮನೆಗಳ ನಡುಮನೆಯಲ್ಲಿ ಬಂದು ಕುಳಿತಿದೆ. ಸೊಸೆಗೆ ಸೀಮಂತವಾಗಲಿಲ್ಲವೆಂಬ ನೆರೆಹೊರೆಯವರ ಚುಚ್ಚುಮಾತಿಗೆ ಹೆದರಿ ಸಾಲ ಮಾಡಿದವರನ್ನು ನಾವು ಬಲ್ಲೆವು.

ಇನ್ನು ಲೆಕ್ಕ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಸಲದ ಪ್ರನಾಳ ಶಿಶು ಚಿಕಿತ್ಸೆಗೆ ಸಾಮಾನ್ಯವಾಗಿ 1 ಲಕ್ಷದಿಂದ 2.5 ಲಕ್ಷ ರೂಪಾಯಿಯವರೆಗೆ ಆಗುತ್ತದೆ. ಆದರೆ ಆಸ್ಪತ್ರೆಯವರು ಮೊದಲ ದಿನ ಹೇಳುವ ಮೊತ್ತದಲ್ಲಿ ಎಲ್ಲವೂ ಸೇರಿರಬೇಕೆಂದಿಲ್ಲ. ಅಂಡಗಳು ಬಲಿಯಲು 10-12 ದಿನ ಕೊಡುವ ಚುಚ್ಚುಮದ್ದು ಅದರೊಳಗೋ ಹೊರಗೋ? ಉಳಿದ ಭ್ರೂಣಗಳನ್ನು ಶೈತ್ಯದಲ್ಲಿ ಕಾಪಿಡಲು ವರ್ಷಕ್ಕೆ ಎಷ್ಟು? ಅವನ್ನು ಮತ್ತೆ ಗರ್ಭಕ್ಕೆ ಸೇರಿಸುವಾಗ ಎಷ್ಟು? ಇವನ್ನು ಕೇಳಿ ಬರೆಸಿಕೊಳ್ಳಲು ಸಂಕೋಚ ಬೇಡ. ಚಿಕಿತ್ಸೆಯ ವೆಚ್ಚ, ಫಲದ ಸಂಭವ, ಅಪಾಯಗಳನ್ನು ದಂಪತಿಗಳಿಗೆ ತಿಳಿಸಬೇಕೆಂದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾನೂನೇ ವಿಧಿಸಿದೆ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಂಗಿಗೆ ಹೋಗಿಬರುವ ಬಸ್ಸಿನ ಖರ್ಚು, ಮನೆಯಲ್ಲಿ ಇಬ್ಬರೂ ಇಲ್ಲದ ದಿನ ಹೊಲಕ್ಕೆ ಕರೆದ ಆಳಿನ ಕೂಲಿ, ಇವು ಯಾವ ಆಸ್ಪತ್ರೆಯ ಕಾಗದದಲ್ಲಿಯೂ ಇರುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಮಿಗಿಲಾದ ಮಾತೆಂದರೆ, ಒಂದೇ ಸಲಕ್ಕೆ ಫಲ ಸಿಗದವರೇ ಹೆಚ್ಚು. ಹೆಣ್ಣಿನ ವಯಸ್ಸು 35 ದಾಟಿದಂತೆ ಸಂಭವ ಇಳಿಯುತ್ತದೆ. 40ರ ಮೇಲೆ ತೀರ ಕುಗ್ಗುತ್ತದೆ. ಆದ್ದರಿಂದ ಒಂದು ಪ್ರಯತ್ನದ ದುಡ್ಡನ್ನಷ್ಟೇ ಹೊಂದಿಸಿಕೊಂಡು ಹೊರಡುವುದು ಅರ್ಧ ದಾರಿಗೆ ಬುತ್ತಿ ಕಟ್ಟಿದಂತೆ. ಎಷ್ಟು ಪ್ರಯತ್ನ, ಎಷ್ಟು ಹಣ, ಎಲ್ಲಿಗೆ ನಿಲ್ಲುವುದು ಎಂಬುದನ್ನು ಗಂಡಹೆಂಡಿರು ಮೊದಲೇ ಕುಳಿತು ಗೊತ್ತುಮಾಡಿಕೊಳ್ಳಬೇಕು. ಚುಚ್ಚುಮದ್ದು ಶುರುವಾದ ಮೇಲೆ ಆಸೆ ಮಾತಾಡುತ್ತದೆ, ಲೆಕ್ಕ ಮಾತಾಡುವುದಿಲ್ಲ.

ಆಯುಷ್ಮಾನ್ ಯೋಜನೆಯಲ್ಲಿ ಈ ಚಿಕಿತ್ಸೆ ಸೇರಿಲ್ಲ. ಖಾಸಗಿ ವಿಮೆಗಳೂ ಬಹುತೇಕ ಇದನ್ನು ಹೊರಗಿಡುತ್ತವೆ. ಹಾಗಾಗಿ ಜನ ಕೈಸಾಲಕ್ಕೆ ಹೋಗುತ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 2 ಲಕ್ಷ ತಂದರೆ ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ ಬಡ್ಡಿಯೇ ಆಯಿತು. ಕೂಸು ಹುಟ್ಟಿದರೆ ಅದರ ಹಾಲಿನ ದುಡ್ಡು ಬಡ್ಡಿಗೆ ಹೋಗುತ್ತದೆ. ಹುಟ್ಟದಿದ್ದರೆ ಎರಡು ದುಃಖ. ರೈತನಿಗೆ ಇನ್ನೊಂದು ತೊಡಕು ಉಂಟು. ಅವನ ಕೈಗೆ ದುಡ್ಡು ಬರುವುದು ಮೆಣಸಿನಕಾಯಿ ಪೇಟೆಗೆ ಹೋದಾಗ, ವರ್ಷಕ್ಕೊಮ್ಮೆ. ಹೆಣ್ಣಿನ ವಯಸ್ಸು ಪೇಟೆಯ ಹಂಗಾಮಿಗಾಗಿ ಕಾಯುವುದಿಲ್ಲ. ಪರೀಕ್ಷೆಗಳನ್ನೆಲ್ಲ ಮಳೆಗಾಲದಲ್ಲಿಯೇ ಮುಗಿಸಿಕೊಂಡರೆ ಫಸಲಿನ ಹಣ ಬಂದ ತಿಂಗಳೇ ಚಿಕಿತ್ಸೆ ಆರಂಭಿಸಬಹುದು.

ಅಂದು ಆ ದಂಪತಿಗಳನ್ನು ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಇದನ್ನೆಲ್ಲ ಬರೆಸಿದೆವು. ಎರಡು ಪ್ರಯತ್ನ, ಅದಕ್ಕೆ ಇಷ್ಟು ಹಣ, ಹೊಲಕ್ಕೆ ಕೈ ಹಚ್ಚಕೂಡದು ಎಂದು ಅವರೇ ತೀರ್ಮಾನಿಸಿದರು. ಮರುವಾರ ಆತನ ಪರೀಕ್ಷೆಯಾಯಿತು. ಕೊರತೆ ಇದ್ದುದು ಆತನಲ್ಲಿ. ವರ್ಷಗಟ್ಟಲೆ ಸೊಸೆಯನ್ನು ಜರಿಯುತ್ತಿದ್ದ ತಾಯಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲವಂತೆ. ಮೂರನೆಯ ದಿನ ತನ್ನ ಪಾಟ್ಲಿ ತೆಗೆದು ಸೊಸೆಯ ಕೈಗಿಟ್ಟು, ಬ್ಯಾಂಕಿನಲ್ಲಿ ಅಡವಿಡಲು ಹೇಳಿದಳಂತೆ.

ಈ ವರ್ಷ ಯುಗಾದಿಯ ಹೊತ್ತಿಗೆ ಮೊದಲ ಪ್ರಯತ್ನ ಆಯಿತು, ನಿಲ್ಲಲಿಲ್ಲ. ಎರಡು ಭ್ರೂಣಗಳು ಶೈತ್ಯದಲ್ಲಿವೆ, ಅವುಗಳ ಬಾಡಿಗೆ ಹಾಳೆಯಲ್ಲಿ ಮೊದಲೇ ಬರೆದಿತ್ತು. ದೀಪಾವಳಿಯ ನಂತರ ಎರಡನೆಯದು. ಆ ಒಂದು ಎಕರೆಯಲ್ಲಿ ಈ ಸಲವೂ ಮೆಣಸಿನ ಸಸಿ ನಾಟಿದ್ದಾರೆ.