ಹಳೆಯ ಪುಟದ ಹುಳು, ಹಿತ್ತಲಿನ ಎಲೆ

ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಒಂದು ಚಿತ್ರ ಕಳಿಸಿದ್ದಾಳೆ. ಹಿತ್ತಲಿನ ದಾಸವಾಳದ ಎಲೆಯ ಫೋಟೋ. ಅದರ ಮೇಲೆ ಇನ್ನೂರು ವರ್ಷ ಹಳೆಯ ಕೀಟಗ್ರಂಥದಿಂದ ಕತ್ತರಿಸಿ ಕೂರಿಸಿದ ಜೀರ್ಜಿಂಬೆ. ‘ಹುಳು ಎಲೆ ಮೇಲೆ ಕೂತ ಹಾಗೆ ಕಾಣಲ್ಲ, ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತೆ. ಯಾಕೆ ಸರ್?’ ಎಂಬುದು ಅವಳ ಪ್ರಶ್ನೆ.

ಕಾರಣಕ್ಕೆ ಬರುವ ಮೊದಲು, ಹುಳುವನ್ನು ಎಲೆಗೆ ಬೆಸೆಯುವ ಉಪಾಯ ನೋಡೋಣ. ಫೋಟೋ ತಿದ್ದುವ ಆ್ಯಪ್‌ಗಳಲ್ಲಿ ಪದರಗಳನ್ನು ಬೆರೆಸುವ ಪಟ್ಟಿಯೊಳಗೆ ‘ಮಲ್ಟಿಪ್ಲೈ’ ಎಂಬುದೊಂದಿದೆ. ನನಗೆ ಬಲು ಪ್ರಿಯವಾದದ್ದು. ನಾಟಕದ ದೀಪಕ್ಕೆ ಕಟ್ಟುವ ಬಣ್ಣದ ಜಿಲೇಟಿನ್ ಹಾಳೆ ನೋಡಿದ್ದೀರಲ್ಲ? ಒಂದು ಹಾಳೆ ಅರ್ಧ ಬೆಳಕು ಬಿಟ್ಟರೆ, ಅಂಥದೇ ಇನ್ನೊಂದನ್ನು ಸೇರಿಸಿದಾಗ ಉಳಿಯುವುದು ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಬೆಳಕು ಗುಣಾಕಾರ ಮಾಡುತ್ತದೆ. ಕಂಪ್ಯೂಟರಿನ ಲೆಕ್ಕವೂ ಅದೇ. ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗಿನ ಅಂಕಿ ಇರುತ್ತದೆ. ಕಪ್ಪನ್ನು 0, ಬಿಳಿಯನ್ನು 1 ಎಂದು ಹಿಡಿದು ಮೇಲಿನ ಚುಕ್ಕೆಯಿಂದ ಕೆಳಗಿನದನ್ನು ಗುಣಿಸುವುದು. ಒಂದರಿಂದ ಗುಣಿಸಿದ್ದು ಬದಲಾಗದು, ಸೊನ್ನೆಯಿಂದ ಗುಣಿಸಿದ್ದು ಸೊನ್ನೆ. ಹೀಗಾಗಿ ಪುಟದ ಬಿಳಿ ಮಾಯವಾಗಿ ಎಲೆಯ ಹಸಿರು ಮೇಲೇಳುತ್ತದೆ, ಮಸಿಯ ಗೆರೆ ಕಪ್ಪಾಗಿಯೇ ಉಳಿಯುತ್ತದೆ. ಕೂದಲೆಳೆಯಂಥ ಮೀಸೆಯನ್ನು ಕತ್ತರಿಸುವ ಕಷ್ಟವೇ ಇಲ್ಲ!

ಆದರೆ ಹಳೆಯ ಕಾಗದ ಹಳದಿಗಟ್ಟಿರುತ್ತದೆ. ಅದನ್ನು ಮೊದಲು ಬಿಳಿಗೆ ತರದಿದ್ದರೆ ಹುಳುವಿನ ಸುತ್ತ ಮಾಸಲು ಚೌಕವೊಂದು ಕಾಣುತ್ತದೆ. ಎಲೆಯ ನರಗಳೂ ಹುಳುವಿನ ಬೆನ್ನಿನ ಮೇಲೆ ಮೂಡುತ್ತವೆ. ಆದ್ದರಿಂದ ಮೈಯನ್ನು ಕತ್ತರಿಸಿ ಅಂಟಿಸಿ, ಮೀಸೆ, ಕಾಲುಗಳಿಗೆ ಮಾತ್ರ ಗುಣಾಕಾರ ಬಳಸುವುದು ಮೇಲು.

ಇನ್ನು ಸ್ಟಿಕ್ಕರಿನ ಕಾರಣ. ವಿಜ್ಞಾನದ ಚಿತ್ರಕಾರರಿಗೆ ಹಳೆಯ ರೂಢಿಯೊಂದಿದೆ: ಬೆಳಕು ಎಡಗಡೆ ಮೇಲಿನಿಂದ ಬೀಳಬೇಕು. ಈ ಹುಡುಗಿಯ ಫೋಟೋದಲ್ಲಿ ಬಿಸಿಲು ಬಲಗಡೆಯಿಂದ ಬಿದ್ದಿದೆ. ಒಂದೇ ಎಲೆಯ ಮೇಲೆ ಎರಡು ಸೂರ್ಯ! ಹುಳುವನ್ನು ಎಡಬಲ ತಿರುಗಿಸಿದರೆ ಅರ್ಧ ತೊಂದರೆ ಮುಗಿಯಿತು. (ಶಂಖ, ಬಸವನಹುಳುಗಳಿಗೆ ಹೀಗೆ ಮಾಡಬೇಡಿ, ಸುರುಳಿ ಉಲ್ಟಾ ಆಗುತ್ತದೆ. 1650ರಲ್ಲಿ ರೆಂಬ್ರಾಂಟ್ ತಾಮ್ರದ ತಗಡಿನಲ್ಲಿ ಕೊರೆದ ಶಂಖ ಅಚ್ಚಾದಾಗ ಹೀಗೆಯೇ ತಿರುವುಮುರುವಾಗಿತ್ತು.) ಉಳಿದರ್ಧ ನೆರಳಿನದು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಕಾಲು ಎಲೆಗೆ ತಾಗುವ ಕಡೆ ನೆರಳು ಗಾಢ, ಅಂಚು ಚೂಪು. ಮೈ ಮೇಲೇರಿದಂತೆ ಅಂಚು ಮಸುಕಾಗುತ್ತದೆ, ಒಂದು ಸೆಂಟಿಮೀಟರಿಗೆ ಸುಮಾರು 0.1 ಮಿಲಿಮೀಟರಿನಷ್ಟು. ನೆರಳಿಗೆ ಆಕಾಶದ ಬೆಳಕು ಬೀಳುವುದರಿಂದ ತುಸು ನೀಲಿಯನ್ನೂ ಸೇರಿಸಿ.

ಇಂಥ ಜೋಡಣೆ ಫೋಟೋಶಾಪಿಗಿಂತ ಬಹಳ ಹಳೆಯದು. ಭಾರತದ ಕೀಟಗಳ ಮೇಲೆ 1800ರಲ್ಲಿ ಚಂದದ ಬಣ್ಣದ ಪುಸ್ತಕ ತಂದ ಎಡ್ವರ್ಡ್ ಡೊನೊವನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಇಂಗ್ಲೆಂಡಿಗೆ ಬಂದ ಒಣ ಮಾದರಿಗಳನ್ನು ನೋಡಿ ಬರೆದು, ಗಿಡ, ಹೂಗಳ ಮೇಲೆ ಕೂರಿಸಿದ. ಅದು ಚಿತ್ರಕಾರನ ಸ್ವಾತಂತ್ರ್ಯ, ನನಗೆ ಒಪ್ಪಿಗೆ. 1702ರಲ್ಲಿ ವಿಲಿಯಂ ಚಾರ್ಲ್ಟನ್ ಲಂಡನ್ನಿನ ಕೀಟ ಸಂಗ್ರಾಹಕ ಜೇಮ್ಸ್ ಪೆಟಿವರನಿಗೆ ಕಳಿಸಿದ ಚಿಟ್ಟೆಯ ಕತೆ ಬೇರೆ. ಹಳದಿ ರೆಕ್ಕೆ, ಕಪ್ಪು ಮಚ್ಚೆ, ನೀಲಿ ಚಂದ್ರ. ಅಂಥದನ್ನು ಯಾರೂ ಕಂಡಿರಲಿಲ್ಲ. ಜೀವಿಗಳಿಗೆ ಹೆಸರಿಡುವ ಪದ್ಧತಿ ಕೊಟ್ಟ ಸಾಕ್ಷಾತ್ ಲಿನೇಯಸ್ ಅದಕ್ಕೆ ‘ಪಪಿಲಿಯೊ ಎಕ್ಲಿಪ್ಸಿಸ್’ ಎಂದು ಹೆಸರಿಟ್ಟು, ತನ್ನ ಮಹಾಗ್ರಂಥದ 1767ರ ಆವೃತ್ತಿಯಲ್ಲಿ ಸೇರಿಸಿಬಿಟ್ಟ. ಅದು ಯುರೋಪಿನ ಸಾಮಾನ್ಯ ಹಳದಿ ಚಿಟ್ಟೆ, ಮಚ್ಚೆಗಳೆಲ್ಲ ಕೈಯಿಂದ ಬಳಿದ ಬಣ್ಣ ಎಂದು ಅವನ ಶಿಷ್ಯ ಫ್ಯಾಬ್ರಿಸಿಯಸ್ ಗುರುತಿಸಿದ್ದು 1793ರಲ್ಲಿ. ಅಷ್ಟು ಹೊತ್ತಿಗೆ ಲಿನೇಯಸ್ ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಇಂಥ ಹಳೆಯ ಗ್ರಂಥಗಳ ಸಾವಿರಾರು ಪುಟಗಳು ಉಚಿತವಾಗಿ ಸಿಗುತ್ತವೆ. ತೆಗೆದುಕೊಳ್ಳಿ, ಮನಸಾರೆ ಆಡಿ. ಚಿತ್ರದ ಕೆಳಗೆ ಗ್ರಂಥದ ಹೆಸರು, ವರ್ಷ ಬರೆದು ‘ಜೋಡಿಸಿದ ಚಿತ್ರ’ ಎಂದು ಸೇರಿಸಿ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳಿಗೆ ಮಾತ್ರ ಅದನ್ನು ಹಾಕಬೇಡಿ. ಅಲ್ಲಿನ ದಾಖಲೆಗಳನ್ನು ಸಂಶೋಧಕರು ಬಳಸುತ್ತಾರೆ.