ಸ್ಮರಣ ಸಂಚಿಕೆಯ ಹೆಸರು ಹುಡುಕುವ ಕಂಪ್ಯೂಟರ್: ‘ಮೈಸೂರು’ ಊರೋ, ಸಂಸ್ಥೆಯೋ?

ಮುಂಬಯಿ: ರಜತ ಮಹೋತ್ಸವ, ಅಮೃತ ಮಹೋತ್ಸವ ಹತ್ತಿರ ಬಂತೆಂದರೆ ನಮ್ಮ ಸಂಘ-ಸಂಸ್ಥೆಗಳಲ್ಲಿ ಹಳೆಯ ಹೆಸರುಗಳ ಹುಡುಕಾಟ ಶುರುವಾಗುತ್ತದೆ. ಸ್ಥಾಪಕರು ಯಾರು, ದೇಣಿಗೆ ನೀಡಿದವರು ಯಾರು, ಯಾವ ಸಭಾಗೃಹದಲ್ಲಿ ನಾಟಕ ನಡೆಯಿತು ಎಂಬುದೆಲ್ಲ ಹಳೆಯ ವರದಿ, ಸ್ಮರಣ ಸಂಚಿಕೆಗಳಲ್ಲಿ ಹುದುಗಿರುತ್ತದೆ. ಒಂದು ಹೆಸರು ಬಿಟ್ಟುಹೋದರೂ ಆ ಮನೆಯವರ ಅಸಮಾಧಾನ ವರ್ಷಗಟ್ಟಲೆ ಉಳಿಯುತ್ತದೆ. ಸಂಪಾದಕ ಮಂಡಳಿಯಲ್ಲಿ ದುಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಪುಟಗಳನ್ನು ಟೈಪ್ ಮಾಡಿಸಿದ ಮೇಲೆ ಹೆಸರು ಹೆಕ್ಕುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಹುದು. ವ್ಯಕ್ತಿ, ಊರು, ಸಂಸ್ಥೆಗಳ ಹೆಸರನ್ನು ‘ನೇಮ್ಡ್ ಎಂಟಿಟಿ’ ಎಂದು ಕರೆಯುವ ರೂಢಿ ಅಮೆರಿಕದಲ್ಲಿ 1995ರ ಸಮ್ಮೇಳನವೊಂದರಿಂದ ಬಂತು. 2015ರಲ್ಲಿ ಬಿಡುಗಡೆಯಾದ ಉಚಿತ ಪೈಥಾನ್ ಲೈಬ್ರರಿ ‘ಸ್ಪೇಸಿ’ಗೆ ಇಂಗ್ಲಿಷ್ ಬರಹ ಕೊಟ್ಟರೆ ನಾಲ್ಕೈದು ಸಾಲಿನ ಪ್ರೋಗ್ರಾಂನಲ್ಲೇ ಪಟ್ಟಿ ಸಿದ್ಧ.

ಕನ್ನಡದ ಕಥೆ ಬೇರೆ. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರ ದೊಡ್ಡದು. ನಮ್ಮಲ್ಲಿ ಆ ಗುರುತಿಲ್ಲ. ‘ಆನಂದ ಬಂದಿದ್ದಾನೆ’, ‘ಆನಂದ ಉಕ್ಕಿದೆ’ ಎಂಬೆರಡರಲ್ಲಿ ಮನುಷ್ಯ ಯಾವುದರಲ್ಲಿದ್ದಾನೆ ಎಂದು ತಿಳಿಯಲು ಇಡೀ ವಾಕ್ಯ ಓದಬೇಕು. ಮಾಟುಂಗ, ಮಾಟುಂಗದಲ್ಲಿ, ಮಾಟುಂಗಕ್ಕೆ ಎಂಬ ಮೂರೂ ಒಂದೇ ಊರೆಂದು ಯಂತ್ರಕ್ಕೆ ತಾನಾಗಿ ಹೊಳೆಯದು. 1926ರಲ್ಲಿ ಸ್ಥಾಪನೆಯಾದ ‘ಮೈಸೂರು ಅಸೋಸಿಯೇಶನ್ ಮುಂಬಯಿ’ಯನ್ನು ಎರಡು ಊರುಗಳಾಗಿ ಒಡೆದರೆ ಸಂಸ್ಥೆಯೇ ಮಾಯ! ಇನ್ನು ಊರಿನ ಹೆಸರನ್ನೇ ಮುಂದಿಟ್ಟುಕೊಳ್ಳುವ ನಮ್ಮ ಕರಾವಳಿಯವರನ್ನು ಕೇಳುವುದೇ ಬೇಡ. ಕೋಟ ಶಿವರಾಮ ಕಾರಂತರ ‘ಕೋಟ’ ಊರೂ ಹೌದು, ಹೆಸರಿನ ಭಾಗವೂ ಹೌದು.

ಸ್ಪೇಸಿಯಲ್ಲಿ ಕನ್ನಡದ ಪದ ಬಿಡಿಸುವ ವ್ಯವಸ್ಥೆಯೇನೋ ಇದೆ. ಕನ್ನಡದ ಹೆಸರು ಗುರುತಿಸುವುದನ್ನು ಕಲಿಸಲು ಬೇಕಾದ ದೊಡ್ಡ ಸಾಮಗ್ರಿ ಒದಗಿದ್ದು ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡದಿಂದ. ಅದು 2022ರಲ್ಲಿ ಪ್ರಕಟಿಸಿದ ‘ನಾಮಪದಂ’ ಸಂಗ್ರಹದಲ್ಲಿ ಕನ್ನಡವೂ ಸೇರಿ 11 ಭಾರತೀಯ ಭಾಷೆಗಳಿವೆ. ಇಂಗ್ಲಿಷ್ ವಾಕ್ಯದಲ್ಲಿ ಗುರುತಿಸಿದ ಹೆಸರನ್ನು ಅದರ ಅನುವಾದಕ್ಕೆ ದಾಟಿಸಿ ಇದರ ಬಹುಭಾಗ ಸಿದ್ಧವಾಯಿತು. ಹಾಗೆ ಕಲಿತ ಯಂತ್ರಕ್ಕೆ ದೆಹಲಿ, ಬೆಂಗಳೂರು ಪರಿಚಿತವಾದೀತು. ಮುಂಡ್ಕೂರು, ಪಾಂಗಾಳಗಳ ಬಗ್ಗೆ ಭರವಸೆ ಸಾಲದು.

ಇದಕ್ಕೊಂದು ಉಪಾಯವುಂಟು. ಸ್ಪೇಸಿಯ ‘ಎಂಟಿಟಿ ರೂಲರ್’ಗೆ ಸಂಘದ ಸದಸ್ಯರ ನೋಂದಣಿ ಪುಸ್ತಕ, ಊರುಗಳ ಪಟ್ಟಿಯನ್ನು ಕೊಟ್ಟರೆ ಅವುಗಳನ್ನು ಬರಹದಲ್ಲಿ ಹುಡುಕಿ ಗುರುತು ಹಾಕುತ್ತದೆ. ವಿಭಕ್ತಿ ಸೇರಿದ ರೂಪಗಳನ್ನೂ ಪಟ್ಟಿಯಲ್ಲಿ ಬರೆಯಬೇಕಾದೀತು. ಅಚ್ಚಿಗೆ ಕಳುಹಿಸುವ ಮುನ್ನ ಹಿರಿಯ ಸದಸ್ಯರೊಬ್ಬರ ಮುಂದೆ ಓದಿ ಹೇಳುವುದು ಲೇಸು. ಒಂದೇ ಹೆಸರಿನ ಇಬ್ಬರಲ್ಲಿ ದೇಣಿಗೆ ಕೊಟ್ಟವರು ಅಂಧೇರಿಯವರೋ ಡೊಂಬಿವಲಿಯವರೋ ಎಂಬುದು ಅವರಿಗೆ ಗೊತ್ತಿರುತ್ತದೆ.